ತಿರುವಿನವರೆಗೆ ಅಪ್ಪನ ಹೆಸರು

ಪಾಸ್ಟರು ತೀರಿಕೊಂಡು ಎರಡು ವರ್ಷವಾದ ಮೇಲೆ ಗೋದಾಮು ರಸ್ತೆಗೆ ಅವರ ಹೆಸರಿಡಬೇಕೆಂಬ ಮಾತು ಎದ್ದಿತು. ರಸ್ತೆಯ ಮೊದಲಿಗೇ ಇರುವ ಸಣ್ಣ ಬ್ಯಾಪ್ಟಿಸ್ಟ್ ಚರ್ಚನ್ನು ಅವರು ಮೂವತ್ತೊಂದು ವರ್ಷ ನಡೆಸಿದ್ದರು. ಚರ್ಚಿಗೆ ಕಾಲಿಡದವರು ಕೂಡ ಒಮ್ಮೆಯಾದರೂ ಅವರ ಗುಜರಿ ವ್ಯಾನಿನಲ್ಲಿ ಆಸ್ಪತ್ರೆಗೆ ಹೋದವರೇ. ಒಂದು ಚರಂಡಿಗಾಗಿ ಅವರು ನಗರಸಭೆಯ ಮೆಟ್ಟಿಲು ಸವೆಸಿದ್ದನ್ನು ಎಲ್ಲರೂ ನೋಡಿದ್ದರು.

ರಸ್ತೆಯವರ ಸಹಿ ತನ್ನಿ ಎಂದಿತು ನಗರಸಭೆ. ಆ ಕೆಲಸ ಪಾಸ್ಟರ ಮಗಳ ಹೆಗಲಿಗೆ ಬಿತ್ತು. ಅವಳು ಅದೇ ರಸ್ತೆಗೆ ಅಂಚೆ ಹಂಚುವವಳು. ಯಾವ ಮನೆಯ ಕರೆಗಂಟೆ ಕೆಟ್ಟಿದೆ, ಯಾವ ನಾಯಿಗೆ ಅಂಚೆಚೀಲ ಕಂಡರಾಗದು, ಎಲ್ಲ ಅವಳಿಗೆ ಗೊತ್ತು. ಒಂದು ವಾರದಲ್ಲಿ ನಲವತ್ತೆರಡು ಬಾಗಿಲುಗಳಿಂದ ಸಹಿ ಬಂತು. ಉಳಿದದ್ದು ರಸ್ತೆಯ ಕೊನೆಯ ಬೀಗದಂಗಡಿ ಒಂದೇ.

ಅಂಗಡಿಯ ಯಜಮಾನನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಎಪ್ಪತ್ತು ದಾಟಿದರೂ ಕೈ ನಡುಗದ ಮನುಷ್ಯ. ಕೀಲಿಯೊಂದನ್ನು ಅರದಿಂದ ಉಜ್ಜುತ್ತಿದ್ದವನು ಕೆಲಸ ನಿಲ್ಲಿಸಿ ಹಾಳೆಯನ್ನು ಪೂರ್ತಿ ಓದಿದ. ಅದರ ಮೇಲೆ ಬಿದ್ದ ಹಿತ್ತಾಳೆ ಪುಡಿಯನ್ನು ಊದಿ ವಾಪಸ್ಸು ಕೊಟ್ಟ.

"ನಾನು ಹಾಕಲ್ಲಮ್ಮ."

"ಯಾಕಣ್ಣ?"

"ಹಾಕಲ್ಲ ಅಂದೆನಲ್ಲ."

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ನಗರಸಭೆಯ ಗುಮಾಸ್ತನಿಗೆ ಇದನ್ನು ಹೇಳಿದಾಗ ಅವನು ನಕ್ಕ. "ಬಹುಮತ ಇದ್ರೆ ಸಾಕು ಮೇಡಂ. ಒಬ್ಬರು ಮೂತಿ ತಿರುಗಿಸಿದ್ರೆ ಏನಂತೆ? ಅರ್ಜಿ ಇಟ್ಟು ಹೋಗಿ."

ಅವಳು ಇಡಲಿಲ್ಲ. ಇಪ್ಪತ್ತು ವರ್ಷದಿಂದ ದಿನಾ ಮಾತಾಡಿಸುತ್ತಿದ್ದ ಮನುಷ್ಯ, ಬಿಸಿಲಿನಲ್ಲಿ ಬಂದಾಗಲೆಲ್ಲ ನೀರು ಕೊಟ್ಟವನು. ಶನಿವಾರ ಅಂಚೆ ಹಂಚಿ ಮುಗಿಸಿ, ಹಾಳೆಯಿಲ್ಲದೆ ಬರಿಗೈಯಲ್ಲಿ ಹೋಗಿ ಅಂಗಡಿಯ ಸ್ಟೂಲಿನ ಮೇಲೆ ಕೂತಳು.

"ಸಹಿ ಕೇಳೋಕೆ ಬಂದಿಲ್ಲ ಅಣ್ಣ. ಅಪ್ಪ ನಿಮಗೆ ಏನಾದ್ರೂ ನೋವು ಮಾಡಿದ್ರಾ, ಅಷ್ಟು ಹೇಳಿ ಸಾಕು."

ಅವನು ಕೈಯಲ್ಲಿದ್ದ ಕೀಲಿಯನ್ನು ಪಕ್ಕಕ್ಕಿಟ್ಟ. ಆಮೇಲೆ ಮಗನ ವಿಷಯ ತೆಗೆದ. ಆ ಕಥೆಯ ಅರ್ಧ ಅವಳಿಗೆ ಗೊತ್ತಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಆ ಹುಡುಗ ಗೆಳೆಯರ ಮಾತು ಕೇಳಿ ಗೋದಾಮಿನ ಬೀಗ ತೆಗೆದಿದ್ದ. ತಡೆಯಲು ಬಂದ ಕಾವಲುಗಾರ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡ. ಎರಡು ದಿನ ಬಿಟ್ಟು ಹುಡುಗ ತಾನಾಗಿಯೇ ಪೊಲೀಸರ ಮುಂದೆ ಒಪ್ಪಿಕೊಂಡನೆಂದು ರಸ್ತೆಯೆಲ್ಲ ತಿಳಿದಿತ್ತು.

"ತಾನಾಗೇ ಹೋಗಲಿಲ್ಲ," ಎಂದ ಬೀಗದಣ್ಣ. "ಮೊದಲು ನಿಮ್ಮಪ್ಪನ ಹತ್ತಿರ ಹೋಗಿ ಅತ್ತಿದ್ದಾನೆ. ಅವರೇ ಕೈ ಹಿಡಿದು ಠಾಣೆಗೆ ಕರ್ಕೊಂಡು ಹೋದ್ರು. ಇದೇ ಅಂಗಡಿ ಮುಂದಿನಿಂದ. ನಾನು ಒಳಗೇ ಇದ್ದೆ. ನನಗೆ ಒಂದು ಮಾತು ಹೇಳಲಿಲ್ಲ."

"ಹೇಳಿದ್ರೆ ಬಿಡ್ತಿದ್ರಾ ಅಣ್ಣ?"

"ಬಿಡ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ ಅವರು." ಅವನು ಅರವನ್ನು ಎತ್ತಿಕೊಂಡು ಮತ್ತೆ ಕೆಳಗಿಟ್ಟ. "ಆರು ವರ್ಷ ಜೈಲು. ಅವನ ತಾಯಿ ಅಷ್ಟರಲ್ಲಿ ತೀರಿಕೊಂಡಳು. ನಿಮ್ಮಪ್ಪ ತಿಂಗಳು ತಪ್ಪದೆ ಅವನನ್ನ ನೋಡೋಕೆ ಹೋಗ್ತಿದ್ರು ಅಂತ ಅಲ್ಲಿನ ವಾರ್ಡರೊಬ್ಬ ಬೀಗಕ್ಕೆ ಬಂದಾಗ ಹೇಳಿದ. ನಾನು ಒಂದು ಸಲಾನೂ ಹೋಗಲಿಲ್ಲ. ಹೊರಗೆ ಬಂದ ಮೇಲೆ ಅವನೂ ಈ ಕಡೆ ಬರಲಿಲ್ಲ. ಅವರು ಕೆಟ್ಟವರಂತ ಯಾವಾಗ ಅಂದೆ? ನನ್ನ ಮಗನನ್ನ ನೋಡೋಕೆ ಅವರು ಹೋದ್ರು, ನಾನು ಹೋಗಲಿಲ್ಲ. ರಸ್ತೆಗೆ ಅವರ ಹೆಸರಿಟ್ಟರೆ, ಅಂಗಡಿ ವಿಳಾಸ ಬರೆಯೋವಾಗೆಲ್ಲ ಅದನ್ನೇ ಬರೀಬೇಕಾಗುತ್ತೆ ನಾನು."

ತಿಂಗಳ ಮೊದಲ ಸೋಮವಾರ ಅಪ್ಪ ಚೀಲ ಹಿಡಿದು ಬಸ್ಸಿಗೆ ಹೋಗುತ್ತಿದ್ದುದು ಅವಳಿಗೆ ನೆನಪಾಯಿತು. ಎಲ್ಲಿಗೆ ಎಂದರೆ "ಸ್ವಲ್ಪ ಕೆಲಸ" ಅನ್ನುತ್ತಿದ್ದರು. ಆ ಗುಟ್ಟು ಅವರು ಹೆಂಡತಿಗೂ ಬಿಟ್ಟುಕೊಟ್ಟಿರಲಿಲ್ಲ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅವಳು ಚರ್ಚಿನ ಹಿರಿಯರ ಮುಂದೆ ಒಂದು ಮಾತು ಇಟ್ಟಳು. ನೀರಿನ ಟ್ಯಾಂಕಿನ ಹತ್ತಿರ ರಸ್ತೆ ತಿರುಗುತ್ತದೆ. ಚರ್ಚಿನಿಂದ ಅಲ್ಲಿಯವರೆಗೆ ಅಪ್ಪನ ಹೆಸರಿರಲಿ, ಅಲ್ಲಿಂದಾಚೆಗೆ ಹಳೆಯ ಹೆಸರೇ ಸಾಕು. ಬೀಗದಂಗಡಿ ಇರುವುದು ತಿರುವಿನಾಚೆ ಎಂಬುದು ಎಲ್ಲರಿಗೂ ತಿಳಿದದ್ದೇ.

"ಒಬ್ಬನ ಹಟಕ್ಕೆ ಅರ್ಧ ರಸ್ತೆ ಬಿಟ್ಟುಕೊಡೋದಾ?" ಎಂದರು ಹಿರಿಯರಲ್ಲೊಬ್ಬರು. ಅಪ್ಪನ ಜೊತೆ ಚರಂಡಿಗಾಗಿ ಓಡಾಡಿದವರು ಅವರು. "ನಿಮ್ಮಪ್ಪನಿಗೆ ಮಾಡೋ ಮರ್ಯಾದೆನಾ ಇದು?"

"ಕಾರಣ ನಾನು ಹೇಳೋ ಹಾಗಿಲ್ಲ ಮಾವ. ಅಪ್ಪ ಇದ್ದಿದ್ರೂ ಹೇಳ್ತಿರಲಿಲ್ಲ."

ಅವರು ಎದ್ದು ಹೋದರು. ಒಂದು ತಿಂಗಳು ಅವಳನ್ನು ಮಾತಾಡಿಸಲಿಲ್ಲ. ಗುಮಾಸ್ತ ಗೊಣಗಿಕೊಂಡೇ ನಕ್ಷೆ ತಿದ್ದಿದ, ಅರ್ಜಿ ಪಾಸಾಯಿತು. ಫಲಕ ಅನಾವರಣದ ದಿನ ರಸ್ತೆಯ ಜನವೆಲ್ಲ ನೆರೆದಿದ್ದರು, ಹಿರಿಯರು ಕೂಡ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಬೀಗದಣ್ಣ ಬರಲಿಲ್ಲ. ಅವನು ಬರುವನೆಂದು ಅವಳೂ ಕಾದಿರಲಿಲ್ಲ.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಅಂಚೆ ಕೊಡಲು ಅಂಗಡಿಗೆ ಹೋದಾಗ ಅವನು ತಲೆ ಎತ್ತದೆ ಕೇಳಿದ.

"ಅವನ ವಿಳಾಸ ನಿಮ್ಮಪ್ಪನ ಹತ್ತಿರ ಇತ್ತೇನಮ್ಮ?"

ಅವಳು ಮನೆಗೆ ಹೋಗಿ ಅಪ್ಪನ ಡೈರಿಗಳನ್ನು ತೆಗೆದಳು. ಕೊನೆಯ ಡೈರಿಯಲ್ಲಿ ಸಿಕ್ಕಿತು. ಮೂರು ಸಲ ಹೊಡೆದುಹಾಕಿ, ಕೆಳಗೆ ಹೊಸದನ್ನು ಬರೆದಿದ್ದರು. ಅದನ್ನು ಒಂದು ಚೀಟಿಯಲ್ಲಿ ಬರೆದು ಬೀಗದಣ್ಣನ ಕೈಗಿಟ್ಟು, ಏನೂ ಕೇಳದೆ ಬಂದಳು.

ಮುಂದಿನ ತಿಂಗಳು ಅಂಗಡಿ ಮೂರು ದಿನ ಮುಚ್ಚಿತ್ತು. ನಾಲ್ಕನೆಯ ದಿನ ಬೀಗದಣ್ಣ ಎಂದಿನಂತೆ ಕೂತಿದ್ದ. ಅವಳಿಗೆ ನೀರು ಕೊಟ್ಟ.

"ಮೊದಲನೇ ದಿನ ಮಾತೇ ಆಡಲಿಲ್ಲ ಅವನು. ಊಟಕ್ಕೆ ಕರೆದ, ಅಷ್ಟೇ," ಎಂದ. "ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳಿಗೆ ನನ್ನ ಮೂಗೇ ಬಂದಿದೆ, ಪಾಪ."

ಅವಳು ನಕ್ಕಳು. ಅವನೂ ಸ್ವಲ್ಪ ನಕ್ಕು, ಗಿರಾಕಿಯ ಬೀಗವನ್ನು ಕೈಗೆತ್ತಿಕೊಂಡ.