ಉಳಿವೆಪ್ಪನ ಎಂಟಡಿ ದಾರಿಯ ರಾಜಿ

ಕೋರ್ಟಿನ ಕಾಗದ ತಿಳವಳ್ಳಿಯ ಉಳಿವೆಪ್ಪನ ಮನೆಗೆ ಬಂದದ್ದು ಹೊಸ ಸಂಗತಿಯೇನಲ್ಲ. ಒಂಬತ್ತು ವರ್ಷದಿಂದ ಬರುತ್ತಲೇ ಇದ್ದವು. ಆದರೆ ಈ ಸಲದ ಕಾಗದದಲ್ಲಿದ್ದ ಒಂದು ಸಾಲು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ‘ಉಭಯ ಪಕ್ಷಗಾರರ ನಡುವೆ ರಾಜಿಯಾಗುವ ಸಾಧ್ಯತೆ ಕಂಡುಬಂದಿರುವುದರಿಂದ’ ಎರಡನೇ ಶನಿವಾರ ಹಾನಗಲ್ಲಿನ ಕೋರ್ಟಿನಲ್ಲಿ ನಡೆಯುವ ಲೋಕ ಅದಾಲತ್‌ಗೆ ಬರಬೇಕು ಎಂದು ಬರೆದಿತ್ತು.

“ಸಾಧ್ಯತಾ ಕಂಡೈತಂತ! ಯಾರಿಗೆ ಕಂಡೈತಿ? ನನಗಂತೂ ಕಂಡಿಲ್ಲ,” ಎಂದ, ಕಾಗದವನ್ನು ಬೆಳಕಿಗೆ ಹಿಡಿದು.

ಅವರೆಕಾಯಿ ಸುಲಿಯುತ್ತ ಕೂತಿದ್ದ ಹೆಂಡತಿ ಸರೋಜವ್ವ ತಲೆ ಎತ್ತಲಿಲ್ಲ. “ಕರದಾರಂದ್ರ ಹೋಗಿ ಬರೂದು. ಹೋದ್ರ ಏನ ಕಾಲು ಸವೀತಾವೇನ್ರಿ?”

“ನನಗ ಕಂಡಿಲ್ಲ ಅಂದಮ್ಯಾಲ ಅಂವಗ ಕಂಡೈತಿ. ಅಂವಾ ಹೋಗಿ ಅರ್ಜಿ ಕೊಟ್ಟಾನ. ಒಂಬತ್ತ ವರ್ಷ ಸೆಟಗೊಂಡು ಕುಂತಾಂವ ಈಗ ರಾಜಿಗೆ ಬಂದಾನಂದ್ರ ಒಳಗ ಏನೋ ಐತಿ.”

‘ಅಂವಾ’ ಅಂದರೆ ಗುದ್ಲೆಪ್ಪ. ಜಗಳ ಎಂಟು ಅಡಿಯದು. ಉಳಿವೆಪ್ಪನ ನಾಲ್ಕೆಕರೆ ಹೊಲ ಇರುವುದು ಗುದ್ಲೆಪ್ಪನ ಹೊಲದ ಹಿಂದೆ. ರಸ್ತೆಯಿಂದ ಒಳಗೆ ಹೋಗಲು ಗುದ್ಲೆಪ್ಪನ ಹೊಲದ ಪಕ್ಕಕ್ಕೆ ಎಂಟಡಿ ಅಗಲದ ಒಂದು ಪಟ್ಟಿ. ಅಪ್ಪಂದಿರ ಕಾಲದಲ್ಲಿ ಅದರ ಮೇಲೆ ಚಕ್ಕಡಿ ಓಡಾಡುತ್ತಿದ್ದವು, ಯಾರದು ಎಂದು ಯಾರೂ ಕೇಳಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಗುದ್ಲೆಪ್ಪನ ಕಿವಿಗೆ ಯಾರೋ ಊದಿದರು: ಉಳಿವೆಪ್ಪ ಆ ಪಟ್ಟಿಯನ್ನು ತನ್ನ ಉತಾರಿಗೆ, ಅಂದರೆ ಪಹಣಿಗೆ, ಹಚ್ಚಿಸಿಕೊಳ್ಳುತ್ತಾನಂತೆ. ಊದಿದ್ದು ಸುಳ್ಳು. ಆದರೆ ಮರುದಿನವೇ ಗುದ್ಲೆಪ್ಪ ಪಟ್ಟಿಯನ್ನು ನೇಗಿಲು ಹೊಡೆದು ಬಿತ್ತಿದ. ಅದನ್ನು ಕಂಡ ಉಳಿವೆಪ್ಪ ಕೋರ್ಟಿಗೆ ಹೋಗಿ, ಆ ಪಟ್ಟಿ ನಮ್ಮ ಮುತ್ಯಾನ ಕಾಲದಿಂದ ನಮ್ಮದೇ ಎಂದು ದಾವೆ ಹೂಡಿದ. ಅಷ್ಟೊತ್ತಿಗೆ ಆ ಸುಳ್ಳು ಅರ್ಧ ಖರೆಯಾಗಿತ್ತು.

ಅಂದಿನಿಂದ ಉಳಿವೆಪ್ಪನ ಫಸಲು ತಲೆಯ ಮೇಲೆ ಬರುತ್ತದೆ. ಬದುವಿನ ಮೇಲೆ ಹಾದು, ಕೆರೆಯ ಏರಿ ಸುತ್ತಿ, ಅರ್ಧ ಮೈಲಿ. ಒಂದು ಚೀಲ ಇಳಿಸಿ ಬರುವುದರಲ್ಲಿ ಕುತ್ತಿಗೆ ಸೆಟೆದು ಹೋಗುತ್ತದೆ. ಈ ಸಲ ಮುರಿದ ಗೋವಿನಜೋಳದ ತೆನೆ ಹದಿನೈದು ದಿನದಿಂದ ಹೊಲದಲ್ಲೇ ರಾಶಿ ಬಿದ್ದಿತ್ತು. ಹೊರಲು ಆಳು ಬರಲು ಒಪ್ಪಲಿಲ್ಲ. ಬಂದವರೂ ಏರಿಯ ದಾರಿ ನೋಡಿ, “ಟ್ರ್ಯಾಕ್ಟರ್ ಒಳಗ ಬರೂ ಹಂಗ ಮಾಡ್ರಿ, ಆಮ್ಯಾಲ ಕರೀರಿ” ಎಂದು ಹೋಗಿದ್ದರು. ಅವನಿಗೆ ದಾರಿ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಗುದ್ಲೆಪ್ಪನಿಂದ ಮೋಸ ಹೋಗದೆ ದಾರಿ ಬೇಕಿತ್ತು.

ಆ ವಾರವೆಲ್ಲ ಉಳಿವೆಪ್ಪ ತನಿಖೆ ಮಾಡಿದ. ಮೊದಲನೆಯದು, ಗುದ್ಲೆಪ್ಪ ಎರಡು ಮಂಗಳವಾರ ಶಿಗ್ಗಾಂವಿಗೆ ಹೋಗಿದ್ದನಂತೆ. ತಿಳವಳ್ಳಿಯ ಮನುಷ್ಯನಿಗೆ ಶಿಗ್ಗಾಂವಿಯಲ್ಲಿ ಏನು ಕೆಲಸ? ಅಲ್ಲಿ ಹೈವೇ ಇದೆ. ಹೈವೇ ಅಂದರೆ ಭೂಮಿ ಹಿಡಿಯುವವರು ಇರುತ್ತಾರೆ. ಎರಡನೆಯದು, ಅವನ ಸ್ವಂತ ವಕೀಲ ಶರಣು ಫೋನಿನಲ್ಲಿ, “ರಾಜಿ ಮಾಡ್ಕೊಂಡುಬಿಡ್ರಿ ಯಜಮಾನ್ರ, ಚಲೋ ಅಕ್ಕೈತಿ” ಎಂದ. ಕೇಸು ಮುಗಿದರೆ ವಕೀಲನಿಗೆ ಏನು ಚಲೋ? ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅದಾಲತ್‌ನಲ್ಲಿ ನ್ಯಾಯಾಧೀಶರ ಪಕ್ಕ ಕೂತು ಸಂಧಾನ ಮಾಡುವವರು ನೀಲಾಂಬಿಕಾ ಎಂಬ ವಕೀಲೆ, ಅಬಲೂರಿನವರು. ಗುದ್ಲೆಪ್ಪನ ಹೆಂಡತಿ ಮಂಜವ್ವನ ತವರೂರು ಯಾವುದು? ಅಬಲೂರು!

“ಅಬಲೂರಾಗ ಎಷ್ಟ ಮನಿ ಅದಾವು ಗೊತ್ತೈತೇನು ನಿಮಗ? ಎಲ್ಲಾರೂ ಮಂಜವ್ವನ ಬೀಗರ ಆಗ್ತಾರೇನು?” ಎಂದಳು ಸರೋಜವ್ವ.

“ಬೀಗರ ಆಗಬೇಕಂತಿಲ್ಲ. ಒಂದ ಬಾವಿ ನೀರ ಕುಡದಿದ್ರ ಸಾಕು.”

“ಹಂಗಾರ ನಾನೂ ಮಂಜವ್ವನೂ ಒಂದ ನಳದ ನೀರ ಕುಡೀತೇವಿ. ನನ್ನ ಮ್ಯಾಲೂ ಒಂದ ದಾವೆ ಹಾಕ್ರಿ.”

ಶನಿವಾರ ಬೆಳಿಗ್ಗೆ ಹಾನಗಲ್ಲಿನ ಕೋರ್ಟಿನ ಅಂಗಳ ಸಂತೆಯಂತೆ ತುಂಬಿತ್ತು. ಬ್ಯಾಂಕಿನವರು, ಗಾಡಿ ಅಪಘಾತದವರು, ಮನಸ್ತಾಪದ ಗಂಡ ಹೆಂಡತಿಯರು. ಹೊರಗಿನ ಬೆಂಚಿನ ಮೇಲೆ ಗುದ್ಲೆಪ್ಪ ಕೂತಿದ್ದ. ಉಳಿವೆಪ್ಪನನ್ನು ನೋಡಿ ನಕ್ಕ.

ಉಳಿವೆಪ್ಪ ಅಲ್ಲೇ ನಿಂತುಬಿಟ್ಟ. ಒಂಬತ್ತು ವರ್ಷದಲ್ಲಿ ಈ ಮನುಷ್ಯ ತನ್ನ ಕಡೆ ನೋಡಿ ಉಗುಳಿದ್ದು ಉಂಟು, ನಕ್ಕಿದ್ದಿಲ್ಲ. ಅದೂ ಎಂಥ ನಗು! ಬಾಯಿ ತುಂಬ ಬಿಳೀ ಹಲ್ಲು. ಅವನು ಈ ಕಡೆ ತಿರುಗಿದಾಗಲೂ ನಗುತ್ತಿದ್ದ, ಆ ಕಡೆ ತಿರುಗಿದಾಗಲೂ ನಗುತ್ತಿದ್ದ, ಸಿಪಾಯಿ ಬಂದು ಗದರಿಸಿದರೂ ನಗುತ್ತಿದ್ದ.

“ನೋಡು, ನೋಡು. ಎಲ್ಲಾ ಮುಗಿಸಿಕೊಂಡ ಬಂದಾನ. ಇಲ್ಲಂದ್ರ ಹಿಂಗ್ಯಾಕ ನಗ್ತಾನ?”

ಸರೋಜವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ನಗಾಕತ್ತಿಲ್ರಿ ಅಂವಾ. ಹಲ್ಲ ಸೆಟ್ ಹಾಕ್ಸ್ಯಾನಂತ. ಶಿಗ್ಗಾಂವಿ ಡಾಕ್ಟರ್ ಕಡೆ. ಅಳತಿ ದೊಡ್ಡದಾಗಿ ಬಾಯಿ ಮುಚ್ಚಾಕ ಬರವಲ್ತಂತ, ಮಂಜವ್ವ ನಿನ್ನೆ ನಳದಾಗ ಹೇಳಿ ಹೇಳಿ ನಕ್ಕಳು.”

ಹೈವೇ ಹೋಯಿತು. ಉಳಿವೆಪ್ಪನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಲ್ಲಿಗೆ ಎರಡು ಮಂಗಳವಾರ ಬೇಕೇ? ಇರಲಿ. ಹೆಂಡತಿ ವೈರಿಯ ಮನೆಯ ಸುದ್ದಿಯನ್ನು ಇಷ್ಟು ಸಲೀಸಾಗಿ ಹೇಳಿದ್ದೂ ಅವನಿಗೆ ಅಷ್ಟು ಸರಿ ಕಾಣಲಿಲ್ಲ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕೂಗಿದರು. ಒಳಗೆ ಉದ್ದನೆಯ ಮೇಜು. ನಡುವೆ ನ್ಯಾಯಾಧೀಶರು, ಇನ್ನೂ ಹರೆಯದವರು, ಮುಂದೆ ಕಡತಗಳ ಗುಡ್ಡ. ಪಕ್ಕದಲ್ಲಿ ನೀಲಾಂಬಿಕಾ ಮೇಡಂ, ಐವತ್ತರ ಆಚೆಯವರು, ಹತ್ತಿ ಸೀರೆ, ಕೊರಳಿಗೆ ನೇತು ಹಾಕಿದ ಕನ್ನಡಕ. ತುದಿಗೆ ಟೈಪಿಸ್ಟ್ ಸವಿತಾ.

“ಕುಂತ್ಕೊಳ್ರಿ ಯಜಮಾನ್ರ. ಅವ್ವಾರ, ನೀವೂ ಕುಂತ್ಕೊಳ್ರಿ,” ಎಂದರು ನೀಲಾಂಬಿಕಾ, ಸರೋಜವ್ವನ ಕಡೆಗೂ ನೋಡಿ.

ಉಳಿವೆಪ್ಪ ನಿಂತೇ ಇದ್ದ. “ಮೊದ್ಲ ಒಂದ ಮಾತು ಕೇಳ್ಬೇಕ್ರಿ. ರಾಜಿಗೆ ಅರ್ಜಿ ಕೊಟ್ಟಾಂವ ಯಾರು?”

“ಯಾರೂ ಇಲ್ಲ. ಹಳೇ ಕೇಸು ಅಂತ ಕೋರ್ಟೇ ಆರಿಸಿ ಕರದೈತಿ. ಇವತ್ತ ಬಂದೋರಿಗೆಲ್ಲ ಅದ ಕಾಗದ ಹೋಗೈತಿ.”

ಬಾಗಿಲಲ್ಲಿ ನಿಂತಿದ್ದ ಗುದ್ಲೆಪ್ಪ ಗಕ್ಕನೆ ಒಳಗೆ ಬಂದ. ಹೊಸ ಹಲ್ಲಿನಿಂದ ಮಾತು ಸಿಳ್ಳೆಯಂತೆ ಬಂತು. “ಅಂದ್ರ ಇಂವಾ ಕೊಟ್ಟಿಲ್ಲೇನ್ರಿ? ನಾ ಇಂವಾ ಏನೋ ಮಸಲತ್ತ ಮಾಡ್ಯಾನಂತ ವಾರಗಟ್ಲೆ ನಿದ್ದಿಗೆಟ್ಟೇನಿ!”

“ನಾ ಮಸಲತ್ತ ಮಾಡ್ಯಾನಂತ! ಮಂದಿ ದಾರಿಗೆ ನೇಗಿಲ ಹೊಡದಾಂವ ಯಾರು?”

“ಮಂದಿ ದಾರಿ ನನ್ನದು ಅಂತ ಕೋರ್ಟಿಗೆ ಬರಕೊಟ್ಟಾಂವ ಯಾರು?”

ನ್ಯಾಯಾಧೀಶರು ಪೆನ್ನಿನಿಂದ ಮೇಜು ಕುಟ್ಟಿದರು. ನೀಲಾಂಬಿಕಾ ಮೇಡಂ ಕನ್ನಡಕ ಏರಿಸಿಕೊಂಡು ಇಬ್ಬರನ್ನೂ ನೋಡಿದರು. “ಗುದ್ಲೆಪ್ಪನವರ, ನೀವು ಸ್ವಲ್ಪ ಹೊರಗ ನಿಂದರ್ರಿ. ಬಾಗ್ಲಾ ಹಾಕ್ಕೊಂಡ ಹೋಗ್ರಿ.”

ಇದೇನಿದು? ತಮ್ಮಿಬ್ಬರನ್ನೇ ಒಳಗೆ ಇಟ್ಟುಕೊಂಡರಲ್ಲ. ಉಳಿವೆಪ್ಪ ಟೊಪ್ಪಿಗೆ ಸರಿಮಾಡಿಕೊಂಡ. ಉತಾರಿನ ಪ್ರತಿ, ನಕಾಶೆ, ಮುತ್ಯಾನ ಕಾಲದ ಹಳದಿ ಕಾಗದ ಎಲ್ಲ ಚೀಲದಲ್ಲಿದ್ದವು. ಅವರು ಒಂದನ್ನೂ ಕೇಳಲಿಲ್ಲ.

“ಹೋದ ಶೀಗಿ ಹುಣ್ಣಿಮಿಗೆ ಹೊಲಕ್ಕ ಹೋಗಿದ್ರೇನು?”

“ಹೋಗಲಾರದ ಇರ್ತೇವೇನ್ರಿ?”

“ಚರಗ ಎಲ್ಲಿಂದ ಎಲ್ಲಿಗೆ ಚೆಲ್ಲಿದ್ರಿ?”

ಶೀಗಿ ಹುಣ್ಣಿಮೆಯ ದಿನ, ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟವೆಂದು ಕಡುಬು, ಪಲ್ಲೆ, ಅನ್ನ ಎಲ್ಲ ಕಲಸಿ ಹೊಲದ ಸುತ್ತ ಚೆಲ್ಲುವುದೇ ಚರಗ. ಅದನ್ನು ತನ್ನ ಹೊಲಕ್ಕೆ ಮಾತ್ರ ಚೆಲ್ಲಬೇಕು. ಮಂದಿಯ ನೆಲಕ್ಕೆ ಒಂದು ಅಗುಳು ಹೆಚ್ಚು ಬಿದ್ದರೂ ತನ್ನ ಹೊಲದ ಹುಲುಸು ಅವರಿಗೆ ಹೋಗುತ್ತದೆ ಎಂಬ ಅಂಜಿಕೆ. ಹಾಗಾಗಿ ಹೊಲದ ಗೆರೆ ಎಲ್ಲಿದೆ ಎಂದು ರೈತನ ಕೈಗೆ ಗೊತ್ತಿರುವಷ್ಟು ಸರ್ವೆಯರನ ಸರಪಳಿಗೂ ಗೊತ್ತಿರುವುದಿಲ್ಲ.

ಇದು ಬಲೆ ಎಂದು ಉಳಿವೆಪ್ಪನಿಗೆ ಖಾತ್ರಿಯಾಯಿತು. ಪಟ್ಟಿಯ ಮೇಲೂ ಚೆಲ್ಲಿದೆ ಎಂದರೆ ಪಟ್ಟಿ ತನ್ನದಾಗುತ್ತದೆ. ಹೇಳಿಬಿಡಬಹುದು. ಯಾರು ನೋಡಿದ್ದಾರೆ? ಆದರೆ ಇಷ್ಟು ಸುಲಭದ ಪ್ರಶ್ನೆಯನ್ನು ಅಬಲೂರಿನ ಹೆಂಗಸು ತನಗೇ ಯಾಕೆ ಕೇಳುತ್ತಾಳೆ? ಅವನು ಬಾಯಿ ತೆರೆದ, ಮುಚ್ಚಿದ.

“ನನ್ನ ಕೇಳ್ರಿ,” ಎಂದಳು ಸರೋಜವ್ವ. “ಚರಗದ ಹೆಡಗಿ ನನ್ನ ಕಂಕುಳಾಗ ಇರತೈತಿ. ನಮ್ಮ ಹೊಲದ ನಾಕೂ ಮೂಲಿಗೆ ಚೆಲ್ಲತೇವ್ರಿ. ಪಟ್ಟಿ ಶುರುವಾಗೂ ಕಡೆ ಇವರು ಕೈ ಹಿಡೀತಾರ.”

“ಒಂಬತ್ತ ವರ್ಷದಾಗ ಒಮ್ಮೆನೂ ಆ ಕಡೆ ಚೆಲ್ಲಿಲ್ಲ?”

“ಇಲ್ರಿ. ಒಂದ ವರ್ಷ ನಾ ತಪ್ಪಿ ಎರಡ ಹೆಜ್ಜಿ ಮುಂದ ಹೋದ್ರ, ‘ಏ, ಅದು ನಮ್ಮದಲ್ಲ, ಹಿಂದ ಬಾ’ ಅಂದ್ರು.”

ಉಳಿವೆಪ್ಪ ಹೆಂಡತಿಯ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿದ. ಒಂದು ನಳ, ಹಲ್ಲಿನ ಸುದ್ದಿ, ಈಗ ಇದು. ಮಂಜವ್ವ ಇವಳಿಗೆ ಏನು ಕುಡಿಸಿದ್ದಾಳೆ?

“ನೀ ಯಾರ ಕಡೆಯಾಕಿ?” ಎಂದ ಪಿಸುಗುಟ್ಟಿ.

“ಚೀಲಾ ಹೊತ್ತ ಕುತ್ತಿಗಿ ನೋಯಿಸ್ಕೊಂಡಾಕಿ ಕಡೆ,” ಎಂದಳು ಅವಳು, ಪಿಸುಗುಟ್ಟದೆ.

ಅವನು ಕುರ್ಚಿಯ ಮೇಲೆ ಕುಸಿದ. ಅಲ್ಲಿಗೆ ಮುಗಿಯಿತು. ಪಟ್ಟಿ ತನ್ನದಲ್ಲವೆಂದು ಮನೆಯಾಕೆಯೇ ಸಾಕ್ಷಿ ಹೇಳಿದಳು. ಇನ್ನು ಅದು ಗುದ್ಲೆಪ್ಪನದು. ತನ್ನ ತೆನೆಯ ರಾಶಿ ಹೊಲದಲ್ಲೇ ಹುಳ ಹಿಡಿಯುವುದು.

“ಈಗ ಅವರನ್ನ ಕರೀತೇನಿ. ನೀವು ಪಿಟ್ಟನ್ನಬಾರದು,” ಎಂದರು ಮೇಡಂ.

ಗುದ್ಲೆಪ್ಪ ಬಂದು ಕೂತ. ಅದೇ ಪ್ರಶ್ನೆ. ಪಟ್ಟಿಯ ಮೇಲೆ ಒಂಬತ್ತು ವರ್ಷ ಬಿತ್ತಿದಿರಿ, ಬೆಳೆದಿರಿ. ಅಲ್ಲಿ ಚರಗ ಚೆಲ್ಲಿದಿರೇನು?

ಉಳಿವೆಪ್ಪ ಅವನ ಮುಖ ನೋಡಿದ. ಹಲ್ಲುಗಳು ನಗುತ್ತಿದ್ದವು, ಕಣ್ಣುಗಳು ಮಾತ್ರ ಬೋನಿಗೆ ಬಿದ್ದ ಇಲಿಯ ಹಾಗೆ ಮೂಲೆ ಮೂಲೆ ಹುಡುಕುತ್ತಿದ್ದವು. ಈ ಹೆಂಗಸು ಇದನ್ನು ಯಾಕೆ ಕೇಳುತ್ತಾಳೆ ಎಂದು ಅವನೂ ಲೆಕ್ಕ ಹಾಕುತ್ತಿದ್ದಾನೆ ಎಂಬುದು ಉಳಿವೆಪ್ಪನಿಗೆ ಕನ್ನಡಿಯಲ್ಲಿ ಕಂಡಂತೆ ಕಂಡಿತು.

“ಇಂವಾ ಏನ ಹೇಳ್ಯಾನ್ರಿ?” ಎಂದ ಗುದ್ಲೆಪ್ಪ.

“ಅವರದು ಅವರು ಹೇಳ್ಯಾರ. ನಿಮ್ಮದು ನೀವು ಹೇಳ್ರಿ. ಬ್ಯಾಡಂದ್ರ ಮಂಜವ್ವನ್ನ ಕರಸ್ತೇನಿ.”

ಮಂಜವ್ವನ ಹೆಸರು ಕೇಳಿ ಗುದ್ಲೆಪ್ಪನ ಭುಜ ಇಳಿಯಿತು. ನೆಲ ನೋಡಿಕೊಂಡು ಹೇಳಿದ: “ಇಲ್ರಿ.”

“ಯಾಕ? ಬಿತ್ತಿದ ನೆಲಕ್ಕ ಉಣಿಸಬೇಕಲ್ಲ?”

“ಬಿತ್ತೂದು ಸಿಟ್ಟಿನ ಮ್ಯಾಲ ಬಿತ್ತಿದೆ. ಚರಗ ಸಿಟ್ಟಿನ ಮ್ಯಾಲ ಹ್ಯಾಂಗ ಚೆಲ್ಲೂದ್ರಿ? ನಮ್ಮಪ್ಪ ಬದುವಿಗೆ ಬಂದು ನಿಲ್ತಿದ್ದ. ಇದು ಹಾದಿ, ಹಾದಿಗೆ ಉಣಿಸಬಾರದು, ಉಣಿಸಿದ್ರ ಹೊಲ ಅಕ್ಕೈತಿ ಅಂತಿದ್ದ.”

ತನ್ನದೆಂದು ದಾವೆ ಹಾಕಿದವನು ಚೆಲ್ಲಿರಲಿಲ್ಲ, ತನ್ನದೆಂದು ಬಿತ್ತಿದವನೂ ಚೆಲ್ಲಿರಲಿಲ್ಲ. ನ್ಯಾಯಾಧೀಶರು ಮೇಡಂ ಕಡೆ ನೋಡಿ ಏನೋ ಕೇಳಿದರು. ಮೇಡಂ ತಗ್ಗಿದ ದನಿಯಲ್ಲಿ ವಿವರಿಸಿದರು. ನ್ಯಾಯಾಧೀಶರು ತಲೆದೂಗಿದರು.

ಅದು ಹೊಲವಲ್ಲ, ಹಾದಿ ಎಂದು ಇಬ್ಬರೂ ಒಪ್ಪಿದ ಮೇಲೆ ಸವಿತಾ ಟೈಪ್ ಮಾಡಿದಳು. ಎಂಟಡಿಯ ಪಟ್ಟಿ ಇಬ್ಬರಿಗೂ ಸೇರಿದ ಹಾದಿ. ವಾದಿ ಅದರ ಮೇಲಿನ ಮಾಲಕಿ ಹಕ್ಕು ಬಿಡುವುದು. ಪ್ರತಿವಾದಿ ಅದನ್ನು ಉಳುವುದು, ಬಿತ್ತುವುದು ಬಿಡುವುದು. ಟ್ರ್ಯಾಕ್ಟರ್, ಚಕ್ಕಡಿ ಯಾವುದಕ್ಕೂ ತಡೆಯಿಲ್ಲ.

“ಇನ್ನೊಂದ ತಿಳಕೊಳ್ರಿ,” ಎಂದರು ನೀಲಾಂಬಿಕಾ. “ಇದರ ಮ್ಯಾಲ ಅಪೀಲು ಇಲ್ಲ. ಇಲ್ಲಿಗೆ ಕಡೀದು.”

ಉಳಿವೆಪ್ಪ ಹಿಡಿದ ಪೆನ್ನು ಅಲ್ಲೇ ನಿಂತಿತು. ಅಪೀಲು ಇಲ್ಲ! ಇವತ್ತು ಸಹಿ ಮಾಡಿದ ಮೇಲೆ ಗುದ್ಲೆಪ್ಪ ಬೇರೆ ಏನಾದರೂ ಮಾಡಿದರೆ? ಉಳುವುದಿಲ್ಲ ಎಂದು ಬರೆದಿದೆ, ಬಿತ್ತುವುದಿಲ್ಲ ಎಂದು ಬರೆದಿದೆ. ಆದರೆ ಬರುವ ಶೀಗಿ ಹುಣ್ಣಿಮೆಗೆ ಮಂಜವ್ವನ ಕೈಗೆ ಹೆಡಗಿ ಹಿಡಿಸಿಕೊಂಡು ಹೋಗಿ ಸುಮ್ಮನೆ ಎರಡು ತುತ್ತು ಚೆಲ್ಲಿ ಬಂದರೆ? ಇವತ್ತು ಎಲ್ಲರೆದುರು ಆ ಪ್ರಶ್ನೆಯ ಬೆಲೆ ಏನೆಂದು ಅವನೂ ಕಲಿತುಬಿಟ್ಟನಲ್ಲ!

“ಒಂದ ಮಾತು ಬಿಟ್ಟೈತ್ರಿ,” ಎಂದ. “ಇಂವಾ ಪಟ್ಟಿ ಮ್ಯಾಲ ಚರಗ ಚೆಲ್ಲೂದಿಲ್ಲ ಅಂತ ಬರೀರಿ.”

“ಇಂವಾನೂ ಚೆಲ್ಲೂದಿಲ್ಲ ಅಂತ ಬರೀರಿ,” ಎಂದ ಗುದ್ಲೆಪ್ಪ, ಕ್ಷಣವೂ ತಡಮಾಡದೆ. “ನಾನೂ ಅದನ್ನ ಹೇಳಾಕ ಹತ್ತಿದ್ದೆ.”

ಸವಿತಾ ಕೈ ತಡೆದು ನ್ಯಾಯಾಧೀಶರನ್ನು ನೋಡಿದಳು. “ಸರ್, ಹಿಂಗ ಬರೀಬಹುದೇನ್ರಿ?”

“ಇಬ್ಬರಿಗೂ ಒಪ್ಪಿಗೆ ಇದ್ದರೆ ಬರೀರಿ,” ಎಂದರು ಅವರು, ನಗು ಬರದಂತೆ ಮೀಸೆ ಒತ್ತಿಕೊಂಡು.

ಹಾಗೆ ಐದನೆಯ ಕಲಮು ಸೇರಿತು: ‘ಸದರಿ ಹಾದಿಯ ಮೇಲೆ ಉಭಯ ಪಕ್ಷಗಾರರಾಗಲಿ, ಅವರ ವಾರಸುದಾರರಾಗಲಿ ಯಾವುದೇ ಹುಣ್ಣಿಮೆ, ಅಮಾವಾಸ್ಯೆಯಂದು ಚರಗ ಚೆಲ್ಲತಕ್ಕದ್ದಲ್ಲ.’ ಅಮಾವಾಸ್ಯೆ ಸೇರಿಸಿದವನು ಗುದ್ಲೆಪ್ಪ, ವಾರಸುದಾರರನ್ನು ಸೇರಿಸಿದವನು ಉಳಿವೆಪ್ಪ. ಇಬ್ಬರೂ ಮೂರು ಮೂರು ಸಲ ಓದಿಸಿ ಕೇಳಿ, ಒಬ್ಬರ ಪೆನ್ನನ್ನು ಒಬ್ಬರು ನೋಡುತ್ತ ಸಹಿ ಮಾಡಿದರು.

ಸೋಮವಾರ ಟ್ರ್ಯಾಕ್ಟರ್ ಒಳಗೆ ಹೋಯಿತು. ಕೂಳೆ ಇನ್ನೂ ನಿಂತಿದ್ದ ಪಟ್ಟಿಯ ಮೇಲೆ ತೆನೆ ತುಂಬಿದ ಟ್ರೇಲರ್ ಓಲಾಡುತ್ತ ರಸ್ತೆಯ ಕಡೆ ಬಂತು. ಸರೋಜವ್ವ ರಾಶಿಯ ಮೇಲೆ ಕಾಲು ಚಾಚಿ ಕೂತಿದ್ದಳು, ತಲೆಯ ಮೇಲೆ ಸೆರಗು ಬಿಟ್ಟರೆ ಏನೂ ಇರಲಿಲ್ಲ. ಎಡಕ್ಕೆ ಗುದ್ಲೆಪ್ಪ ತನ್ನ ಹೊಲದ ಅಂಚಿಗೇ ನಡೆಯುತ್ತಿದ್ದ, ಗಾಲಿ ಗೆರೆ ದಾಟುತ್ತದೋ ಎಂದು ಬಗ್ಗಿ ಬಗ್ಗಿ ನೋಡುತ್ತ. ಬಲಕ್ಕೆ ಉಳಿವೆಪ್ಪ ನಡೆಯುತ್ತಿದ್ದ, ಗುದ್ಲೆಪ್ಪ ಬಗ್ಗಿದಾಗ ಕಲ್ಲು ಗಿಲ್ಲು ಸರಿಸುತ್ತಾನೋ ಎಂದು ನೋಡುತ್ತ.

“ಗಾಲಿ ಇತ್ತಾಗ ಬರಾಕತ್ತೈತಿ!” ಎಂದು ಕೂಗಿದ ಗುದ್ಲೆಪ್ಪ.

“ಈ ಕಡೆನೂ ಒಂದ ಗೇಣು ಜಾಗಾ ಇಲ್ಲ, ಬಂದ ನೋಡು!” ಎಂದು ಕೂಗಿದ ಉಳಿವೆಪ್ಪ.

ಗುದ್ಲೆಪ್ಪ ಟ್ರೇಲರಿನ ಹಿಂದೆ ಸುತ್ತಿ ಈ ಕಡೆ ಬಂದು ನೋಡಿದ. ಒಂದು ಗೇಣು ಇರಲಿಲ್ಲ, ಖರೆ. ಏನೂ ಹೇಳದೆ ಉಳಿವೆಪ್ಪನ ಪಕ್ಕಕ್ಕೇ ನಡೆಯತೊಡಗಿದ. ಇಬ್ಬರೂ ರಸ್ತೆ ಮುಟ್ಟುವವರೆಗೆ ಡ್ರೈವರನ ಕೈಯನ್ನೇ ನೋಡುತ್ತಿದ್ದರು.