ಕುದಿಯದ ಬ್ಯಾಟರಿ

ಸುಳ್ಳು ಹೇಳುವವರೆಲ್ಲ ಹೀಗೇ ಶುರುಮಾಡುತ್ತಾರೆ, ಆದರೂ ಹೇಳಿಬಿಡುತ್ತೇನೆ: ಇದು ನಿಜವಾಗಿ ನಡೆದದ್ದು.

ಸಂಜೆ ಆರರಿಂದ ಎಂಟರವರೆಗೆ ಕರೆಂಟು ಇರುವುದಿಲ್ಲವೆಂದು ಬೆಳಿಗ್ಗೆಯೇ ತಿಳಿಸಿದ್ದರು. ಒಳಕೋಣೆಯಲ್ಲಿ ಮಲಗಿದ್ದ ಸೋದರತ್ತೆಯ ಆಮ್ಲಜನಕದ ಯಂತ್ರ ಒಂದು ಗಳಿಗೆಯೂ ನಿಲ್ಲುವಂತಿಲ್ಲ. ಹೊಸ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದದ್ದೇ ಅದಕ್ಕಾಗಿ.

ಮಾವ ಮೂವತ್ತು ವರ್ಷ ಲಾರಿ ಬ್ಯಾಟರಿಗಳ ಜೊತೆ ಏಗಿದವರು. ಆಸಿಡ್ ಬ್ಯಾಟರಿಗೆ ಕಿವಿಯಿಟ್ಟು, ಒಳಗೆ ಕುದಿಯುವ ಸದ್ದು ಕೇಳಿದರಷ್ಟೇ "ತುಂಬ್ತು" ಎನ್ನುವ ಜಾತಿ. ನಾಲ್ಕೂವರೆಗೆ ನಾನು ಹೋದಾಗ ಹಜಾರದಲ್ಲಿ ಬೋರಲು ಬಿದ್ದು, ಹೊಸ ಡಬ್ಬಕ್ಕೆ ಕಿವಿಯಂಟಿಸಿದ್ದರು.

ಯಾವ ಸದ್ದನ್ನಾದರೂ ಅಣಕಿಸುವ ನನ್ನ ಗಂಟಲು ಸುಮ್ಮನಿದ್ದೀತೇ? ಹಿಂದಿನಿಂದ ಬಗ್ಗಿ, ತುಟಿ ಅಲುಗದಂತೆ, ಗುಳ್... ಗುಳುಗುಳು...

"ಕುದೀತು ಕಣೇ!" ಮಾವ ಒಳಕೋಣೆಗೆ ಕೇಳುವಂತೆ ಕೂಗಿದರು. "ಚಾರ್ಜರನ್ನ ಜೋರು ಮಾಡಿ ಬೂಸ್ಟಿಗೆ ಹಾಕಿದ್ದು ಸಾರ್ಥಕ ಆಯ್ತು!"

ನಗಲು ತೆರೆದ ಬಾಯಿ ಹಾಗೇ ನಿಂತಿತು. "ಬೂಸ್ಟಾ? ಮಾವ, ಇದು ಜನ್ಮದಲ್ಲಿ ಕುದಿಯಲ್ಲ. ಆ ಸದ್ದು ನಂದು."

"ಅಯ್ಯೋ! ಕುದೀಲಿ ಅಂತ ಇಪ್ಪತ್ತು ನಿಮಿಷದಿಂದ ಕಾಯ್ತಿದೀನಲ್ಲೋ!"

ಹದಿನಾಲ್ಕೂವರೆ ವೋಲ್ಟಿಗೆ ನಿಲ್ಲಬೇಕಾದ ಹಳೇ ಚಾರ್ಜರು ಹದಿನೈದು ದಾಟಿತ್ತು. ತಂತಿ ಕಿತ್ತೆ. ಮುಚ್ಚಳ ಬಿಚ್ಚಿ ನಾಲ್ಕೂ ಕೋಶಗಳಿಗೆ ಮೀಟರು ಹಿಡಿದೆ. ಮೂರು ನೆಟ್ಟಗಿದ್ದವು. ನಾಲ್ಕನೆಯದು ಮಾತ್ರ ಮಿತಿ ಮೀರಿ ಮೂರು ಮುಕ್ಕಾಲು ವೋಲ್ಟಿನ ಹತ್ತಿರ. ಪುಣ್ಯಕ್ಕೆ, ಅತಿಯಾದ ಚಾರ್ಜನ್ನು ತಡೆಯುವ ಒಳಗಿನ ಕಾವಲು ಬೋರ್ಡು ಸಮಯಕ್ಕೆ ಬಾಗಿಲು ಹಾಕಿಕೊಂಡಿತ್ತು.

"ಹೋಯ್ತೇನೋ?" ಮಾವ ಬಗ್ಗಿ ಮೀಟರು ನೋಡಿದರು.

"ಉಬ್ಬಿಲ್ಲ, ಬಿಸಿಯಿಲ್ಲ. ಕಾಯೋಣ. ಆದ್ರೆ ದಿನಾ ಕಾವಲುಗಾರನ ತಲೆಗೇ ಬಡಿದ್ರೆ ಹತ್ತು ವರ್ಷ ಬಾಳೋದು ಎರಡೇ ವರ್ಷಕ್ಕೆ ಗೊಟಕ್."

ಐದು ಗಂಟೆ: ನಾಲ್ಕನೆಯ ಕೋಶ 3.6. ಐದೂಕಾಲು: 3.5. ಮಾವ ಬೆವರೊರೆಸಿದ ಟವೆಲನ್ನೇ ಮತ್ತೆ ಹಿಂಡುತ್ತಿದ್ದರು. ಐದೂವರೆಗೆ ನಾಲ್ಕೂ ಕೋಶಗಳು 3.4ಕ್ಕೆ ಬಂದು ಒಂದೇ ಸಾಲಿನಲ್ಲಿ ನಿಂತವು. ಮುಚ್ಚಳ ಹಾಕಿ, ಯಂತ್ರದ ಇನ್ವರ್ಟರಿಗೆ ಜೋಡಿಸಿದೆ.

ಆರು. ದೀಪ ಆರಿತು. ಫ್ಯಾನು ನಿಧಾನವಾಯಿತು. ಇಬ್ಬರೂ ಉಸಿರು ಹಿಡಿದೆವು.

ಅತ್ತೆಯ ಯಂತ್ರ ಗುಂಯ್ ಎನ್ನುತ್ತಲೇ ಇತ್ತು.

"ಅಷ್ಟೊತ್ತಿಂದ ಏನ್ರೀ ಅದು ಗುಸುಗುಸು?" ಅತ್ತೆ ಕೇಳಿದರು.

"ನಿನ್ನ ಅಣ್ಣನ ಮಗ ಕಣೇ, ಮೂವತ್ತು ವರ್ಷದ ಕಿವಿಗೆ ಟೋಪಿ ಹಾಕ್ದ!" ಎನ್ನುತ್ತ ಮಾವ ತಾವು ಬೋರಲು ಬಿದ್ದ ಭಂಗಿಯನ್ನೇ ಮಾಡಿ ತೋರಿಸಲು ಹೋಗಿ ಮುಗ್ಗರಿಸಿದರು. ಅತ್ತೆ ನಕ್ಕರು, ನಾನೂ ನಕ್ಕೆ. ಮಾವ ಮಾತ್ರ ನೆಲದ ಮೇಲೇ ಕೂತು, ಹೊಟ್ಟೆ ಹಿಡಿದುಕೊಂಡು, ಯಂತ್ರದ ಸದ್ದೂ ಕೇಳಿಸದಷ್ಟು ಜೋರಾಗಿ ನಗುತ್ತಿದ್ದರು.