ಖಂಡೇಪೂಜೆಗೆ ಕೂತ ಪಾಸ್‌ಪೋರ್ಟು

ನಾನು ಒಂದು ಪಾಸ್‌ಪೋರ್ಟು. ಕಡುನೀಲಿ ರಟ್ಟು, ಅದರ ಮೇಲೆ ಬಂಗಾರದ ಬಣ್ಣದ ಸಿಂಹಗಳು. ನಾಸಿಕದ ಮುದ್ರಣಾಲಯದಲ್ಲಿ ಹುಟ್ಟಿದೆ. ಹುಟ್ಟಿದಾಗ ನಾನು ಯಾರಿಗೂ ಸೇರಿದವನಲ್ಲ; ನೂರಾರು ಅಣ್ಣತಮ್ಮಂದಿರ ಜೊತೆ ಒಂದು ಪೆಟ್ಟಿಗೆಯಲ್ಲಿ ಖಾಲಿ ಹಾಳೆಗಳಾಗಿ ಮಲಗಿದ್ದೆ. ಬೆಂಗಳೂರಿಗೆ ಬಂದ ಮೇಲೆ ನನ್ನೊಳಗೆ ಒಬ್ಬ ಹುಡುಗಿಯ ಮುಖ, ಹೆಸರು, ಹುಟ್ಟಿದ ದಿನ ಅಚ್ಚಾದವು. ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ಸುಕನ್ಯಾ ತಿಪ್ಪಣ್ಣ ಗಂಜಿ, ಬೆಟಗೇರಿ, ಗದಗ ಜಿಲ್ಲೆ. ಅಂದಿನಿಂದ ನಾನು ಅವಳವನಾದೆ.

ನಮ್ಮ ಕುಲದವರಿಗೆ ಇರುವುದು ಒಂದೇ ಆಸೆ. ಪರದೇಶದ ಠಸ್ಸೆಗಳು ಮೈತುಂಬ ಬೀಳಬೇಕು. ನನಗೂ ಆ ಜಂಬ ಇತ್ತು. ಟಪಾಲಿನವರು ನನ್ನನ್ನು ಬೆಟಗೇರಿಯ ಆ ಮನೆಗೆ ಮುಟ್ಟಿಸಿದಾಗ ಒಳಗೆ ಮಗ್ಗದ ಸದ್ದು ನಡೆದಿತ್ತು. ಸುಕನ್ಯಾಳ ಅಪ್ಪ ತಿಪ್ಪಣ್ಣ ಮಗ್ಗದ ಕುಣಿಯಿಂದ ಎದ್ದು ಬಂದು, ಧೋತರಕ್ಕೆ ಕೈ ಒರೆಸಿಕೊಂಡು, ನನ್ನ ಹಾಳೆಯನ್ನು ಸೀರೆಯ ಸೆರಗಿನಂತೆ ಎರಡು ಬೆರಳಿನ ನಡುವೆ ಉಜ್ಜಿ ನೋಡಿದ. ಬಟ್ಟೆಯ ನೇಯ್ಗೆ ಪರೀಕ್ಷಿಸಿದವನ ಹಾಗೆ, ಪೋತ ಚಲೋ ಐತಿ ಎಂದ. ನನ್ನನ್ನು ಅಷ್ಟು ಮರ್ಯಾದೆಯಿಂದ ಮುಟ್ಟಿದವರು ಆಮೇಲೆ ಯಾರೂ ಸಿಗಲಿಲ್ಲ.

ಸುಕನ್ಯಾ ಫಿಸಿಯೋಥೆರಪಿ ಓದಿದವಳು. ಗದಗದ ಒಂದು ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಬಡಿದವರಿಗೆ ಕೈಕಾಲು ಆಡಿಸುವುದನ್ನು ಕಲಿಸುತ್ತಿದ್ದಳು. ಬ್ರಿಟನ್ನಿನವರು ನಮ್ಮ ದೇಶದ ಪದವೀಧರ ಹುಡುಗ ಹುಡುಗಿಯರಿಗೆ ಚೀಟಿ ಎತ್ತಿ ವೀಸಾ ಕೊಡುತ್ತಾರೆ, ಎರಡು ವರ್ಷ ಅಲ್ಲಿ ದುಡಿಯಬಹುದು ಎಂದು ಅವಳಿಗೆ ತಿಳಿಯಿತು. ನೆಟ್ಟಿನಲ್ಲಿ ಹೆಸರು ಕೊಡಬೇಕು, ಲಕ್ಷಾಂತರ ಹೆಸರಿನಲ್ಲಿ ನಮ್ಮದು ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಜಾಣತನಕ್ಕೆ ಅಲ್ಲಿ ಬೆಲೆಯಿಲ್ಲ. ಮೂವತ್ತು ದಾಟಿದರೆ ಹೆಸರು ಕೊಡುವ ಹಾಗೂ ಇಲ್ಲ.

ಆ ಮೂವತ್ತೇ ಮನೆಯಲ್ಲಿ ಒಂದು ಕರಾರಾಯಿತು. ಸೋದರಮಾವ ಪಂಪಣ್ಣ ಸುಕನ್ಯಾಳಿಗೆ ಗಂಡು ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದ. ಅವನ ಕಾಟ ತಾಳದೆ ಅವಳು ಅಪ್ಪನ ಮುಂದೆ ಕೂತು ಮಾತಾಡಿದಳು. ವಯಸ್ಸು ಮೀರುವವರೆಗೆ ಮದುವೆಯ ಮಾತು ಎತ್ತಬಾರದು. ಅಷ್ಟರಲ್ಲಿ ಚೀಟಿ ಬರದಿದ್ದರೆ ಹಿರಿಯರು ತೋರಿಸಿದ ಕಡೆ ಕೊರಳೊಡ್ಡುತ್ತೇನೆ ಎಂದಳು. ತಿಪ್ಪಣ್ಣ ಒಪ್ಪಿದ. ಪಂಪಣ್ಣನೂ ಒಪ್ಪಿದ, ಯಾಕೆಂದರೆ ಚೀಟಿ ಬರುವುದಿಲ್ಲ ಎಂದು ಅವನಿಗೆ ಖಾತ್ರಿ ಇತ್ತು.

ವರ್ಷಕ್ಕೆ ಎರಡು ಸಲ ನನ್ನನ್ನು ಕಪಾಟಿನಿಂದ ತೆಗೆದು, ಕಿಟಕಿಯ ಬೆಳಕಿನಲ್ಲಿ ಮಲಗಿಸಿ, ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸುತ್ತಿದ್ದಳು. ಆಯ್ಕೆಯಾಗಿಲ್ಲ ಎಂಬ ಉತ್ತರ ತಪ್ಪದೆ ಬರುತ್ತಿತ್ತು. ತಾಯಿ ಸಾವಂತ್ರೆವ್ವ ಓಣಿಯ ಹೆಂಗಸರು ದುಡ್ಡು ಕೂಡಿಸುವ ಭಿಶಿಯಲ್ಲಿ ತಿಂಗಳಿಗೊಮ್ಮೆ ಚೀಟಿ ಎತ್ತುವವಳು. ಭಿಶಿಯಲ್ಲಿ ಒಮ್ಮೆ ಬಂದವರ ಹೆಸರು ತೆಗೆದಿಡುತ್ತಾರೆ, ಕೊನೆಗೆ ಎಲ್ಲರ ಪಾಳಿಯೂ ಬಂದೇ ಬರುತ್ತದೆ. ಬ್ರಿಟನ್ನಿನದೂ ಹಾಗೇ ಎಂದು ಅವಳು ನಂಬಿ ಮಗಳಿಗೆ ಧೈರ್ಯ ಹೇಳುತ್ತಿದ್ದಳು. ಹಾಗಲ್ಲ ಎಂದು ಹೇಳಿ ಹೇಳಿ ಸುಕನ್ಯಾ ಸುಮ್ಮನಾದಳು.

ಕೊನೆಯ ಸಲ ಚೀಟಿ ಬಂತು. ಸುದ್ದಿ ಬಂದಾಗ ಸುಕನ್ಯಾ ಒಬ್ಬ ಅಜ್ಜನನ್ನು ನಡೆಸುತ್ತಿದ್ದಳಂತೆ. ಅವನನ್ನು ಕುರ್ಚಿಗೆ ಕೂರಿಸಿ, ಆಮೇಲೆ ಹೊರಗೆ ಹೋಗಿ ಅತ್ತಳಂತೆ. ಮನೆಯಲ್ಲಿ ಅವಳು ಇದನ್ನು ಹೇಳುವಾಗ ನಾನು ಕಪಾಟಿನೊಳಗಿಂದ ಕೇಳಿ ಉಬ್ಬಿಹೋದೆ. ಸಾವಂತ್ರೆವ್ವ ಪಾಳಿ ಬಂತಲ್ಲ ಎಂದಳು. ಆ ಸಂಜೆ ತಿಪ್ಪಣ್ಣನ ಮಗ್ಗದ ಸದ್ದು ಮಾತ್ರ ಕೇಳಲಿಲ್ಲ.

ಚೀಟಿ ಬಂದರೆ ಮುಗಿಯಲಿಲ್ಲ. ಗೊತ್ತುಪಡಿಸಿದ ಅವಧಿಯೊಳಗೆ ಅರ್ಜಿ ಹಾಕಿ ನನ್ನನ್ನು ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಒಪ್ಪಿಸಬೇಕು. ಕಾಲೇಜಿನ ಕಾಗದ, ಕ್ಷಯವಿಲ್ಲವೆಂದು ಎದೆಯ ಪರೀಕ್ಷೆ, ಅದು ಇದು ಎಂದು ದಿನಗಳು ಸರಿದು, ಅವಳಿಗೆ ಸಿಕ್ಕ ತಾರೀಕು ದಸರೆಯ ಮರುವಾರ. ಅವಧಿ ಮುಗಿಯುವುದೂ ಅದೇ ವಾರ.

ಬೆಟಗೇರಿಯ ನೇಕಾರರು ಮಹಾನವಮಿಯಂದು ಮಗ್ಗ ತೊಳೆದು ಖಂಡೇಪೂಜೆ, ಅಂದರೆ ಆಯುಧಪೂಜೆ, ಮಾಡುತ್ತಾರೆ. ಲಾಳಿ, ಹಣಿಗೆ, ಕತ್ತರಿ ಎಲ್ಲಕ್ಕೂ ವಿಭೂತಿ, ಕುಂಕುಮ. ಸುಕನ್ಯಾ ಆಸ್ಪತ್ರೆಗೆ ಹೋಗಿದ್ದಳು. ಸಾವಂತ್ರೆವ್ವ ಕಪಾಟು ತೆರೆದು ನನ್ನನ್ನು ತಂದು ಲಾಳಿಯ ಪಕ್ಕದಲ್ಲಿ ಕೂರಿಸಿದಳು.

“ನಮ್ಮ ಖಂಡೆ ಮಗ್ಗ. ಅಕಿ ಖಂಡೆ ಇದು” ಎಂದು ಗಂಡನಿಗೆ ಹೇಳಿದಳು.

ಹೆಮ್ಮೆ ಅನಿಸಿತು, ಸುಳ್ಳು ಹೇಳುವುದಿಲ್ಲ. ರಟ್ಟಿಗೆ ವಿಭೂತಿ ಹಚ್ಚಿ ಬಿಟ್ಟಿದ್ದರೆ ಚೆನ್ನಾಗಿತ್ತು. ಅವಳು ನನ್ನನ್ನು ತೆರೆದಳು. ಫೋಟೋದಲ್ಲಿ ಮಗಳ ಹಣೆ ಬರಿದಾಗಿ ಕಂಡಿತು. ಹಬ್ಬದ ದಿನ ಹೆಣ್ಣುಮಗಳ ಹಣೆ ಬರಿದಿರಬಾರದು. ನುಣುಪಾದ ಹಾಳೆಗೆ ಕುಂಕುಮ ನಿಲ್ಲಲಿಲ್ಲವೆಂದು ಬೆರಳಿನಿಂದ ಒಂದಿಷ್ಟು ಎಣ್ಣೆ ಸವರಿ ಕುಂಕುಮ ಇಟ್ಟು, ಮುಚ್ಚಿ, ಮೇಲೊಂದು ಚೆಂಡು ಹೂ ಇಟ್ಟಳು. ಮರುದಿನ ತೆರೆದರೆ ಕೆಂಪು ಎಣ್ಣೆ ಹೆಸರಿನ ಮೇಲೆ, ನಂಬರಿನ ಮೇಲೆ, ಎದುರಿನ ಹಾಳೆಯ ಮೇಲೆ ಹರಡಿತ್ತು.

ಸಾವಂತ್ರೆವ್ವ ನನ್ನನ್ನು ಗಂಡನ ಮುಂದೆ ಹಿಡಿದಳು. ತಿಪ್ಪಣ್ಣ ಗಾಬರಿಯಾಗಲಿಲ್ಲ. ಮಗ್ಗದ ಎಣ್ಣೆ ತಾಗಿದ ರೇಷ್ಮೆ ಸೀರೆಯನ್ನು ಅರಳೆ, ಪೆಟ್ರೋಲು, ಮುಖದ ಪೌಡರಿನಿಂದ ಹೊಸದರಂತೆ ಮಾಡುವ ಕೈ ಅದು. ಮಗಳು ಬರುವುದರೊಳಗೆ ತೆಗೆದುಬಿಡುತ್ತೇನೆ ಎಂದು ಬಾಗಿಲ ಬೆಳಕಿನಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒರೆಸಿದ. ಅವನ ಉಸಿರು ನನ್ನ ಮೇಲೆ ಬೀಳುತ್ತಿತ್ತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಕುಂಕುಮ ಹೋಯಿತು. ಅದರ ಜೊತೆ ಪ್ಲಾಸ್ಟಿಕ್ ಹಾಳೆ ಬೊಬ್ಬೆಯೆದ್ದಿತು, ಅಕ್ಷರಗಳು ಕದಡಿದವು, ಸುಕನ್ಯಾಳ ಮುಖ ಅಳಿಸಿತು. ನನಗೆ ಉರಿಯಿತು. ಅವನಿಗೆ ನನಗಿಂತ ಹೆಚ್ಚು ಉರಿದಿರಬೇಕು. ಅರಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮಗಳು ಬರುವ ತನಕ ಅಲ್ಲೇ ಕೂತಿದ್ದ.

ಸುಕನ್ಯಾ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಬನ್ನಿ ಕೊಡಲು ಬಂದ ಪಂಪಣ್ಣ, ಹೋಗಲಿ ಬಿಡು, ಭಾವ ಮಗಳನ್ನು ಮನೆಯಲ್ಲೇ ಉಳಿಸಿಕೊಂಡ ಎಂದು ನಕ್ಕ. ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಪ್ಪನ ತಟ್ಟೆಗೆ ರೊಟ್ಟಿ ಹಾಕುವಳು, ಮುಖ ನೋಡುತ್ತಿರಲಿಲ್ಲ. ನನಗೆ ಬಾಯಿ ಇದ್ದಿದ್ದರೆ ಅವನು ಹೇಗೆ ಒರೆಸಿದ ಎಂದು ಹೇಳುತ್ತಿದ್ದೆ.

ವೀಸಾ ಕೇಂದ್ರದ ಹುಡುಗಿ ನನ್ನನ್ನು ಬೆಳಕಿಗೆ ಹಿಡಿದು, ಇದು ನಡೆಯುವುದಿಲ್ಲ ಮೇಡಂ, ಹೊಸದು ಮಾಡಿಸಿ ತನ್ನಿ ಎಂದಳು. ಹೊಸದಕ್ಕೆ ಪಾಸ್‌ಪೋರ್ಟ್ ಕಚೇರಿಗೆ ಹೋದಾಗ, ಕರೆಯದಿದ್ದರೂ ತಿಪ್ಪಣ್ಣ ಜೊತೆಗೆ ಹೋದ. ಹೇಗೆ ಹಾಳಾಯಿತು ಎಂದು ಅಧಿಕಾರಿ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ:

“ನಾ ಒರಸೇನ್ರಿ ಸಾಹೇಬ್ರ. ಅಕಿ ಹೋಗೂದು ನನ್ನ ಮನಸಿಗಿರಲಿಲ್ಲ, ಅದು ಖರೆ. ಆದ್ರ ಕೆಡಸಾಕಂತ ಒರಸಲಿಲ್ರಿ.”

ಸುಕನ್ಯಾ ಗೋಡೆಯನ್ನೇ ನೋಡುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ಅಪ್ಪನಿಗೆ ಬಿಟ್ಟುಕೊಟ್ಟಳು. ಅಷ್ಟೇ.

ನನ್ನ ಮೂಲೆ ಕತ್ತರಿಸಿ, ರದ್ದು ಎಂದು ಠಸ್ಸೆ ಹೊಡೆದರು. ನನ್ನ ಮೈಮೇಲೆ ಬಿದ್ದ ಮೊದಲನೆಯದೂ ಕೊನೆಯದೂ ಅದೇ. ಮತ್ತೆ ಪೊಲೀಸ್ ವಿಚಾರಣೆ, ಮತ್ತೆ ಟಪಾಲು. ಹೊಸಬ ಬರುವ ಹೊತ್ತಿಗೆ ಅವಧಿ ಮುಗಿದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದಿನ ಚೀಟಿಗೆ ಅವಳ ವಯಸ್ಸೂ ಮೀರಿತು.

ಈಗ ನಾನು ಟ್ರಂಕಿನ ತಳದಲ್ಲಿದ್ದೇನೆ. ಹೊಸಬ ನನ್ನ ಮೇಲೆ ಮಲಗಿದ್ದಾನೆ. ಮುಪ್ಪಿನಲ್ಲಿ ಕೇಳಿಸಿಕೊಳ್ಳುವುದೊಂದೇ ಕೆಲಸ, ಅದನ್ನು ಚೆನ್ನಾಗಿ ಮಾಡುತ್ತೇನೆ. ಮೊನ್ನೆ ಪಂಪಣ್ಣ ರಬಕವಿಯ ಗಂಡಿನ ಫೋಟೋ ಹಿಡಿದು ಬಂದ. ಐತವಾರ ಅವರು ನೋಡಲು ಬರುತ್ತಾರೆ, ಕರಾರು ಕರಾರೇ ಎಂದ. ಸುಕನ್ಯಾ ಬರಲಿ ಎಂದಳು. ಮಾತು ಕೊಟ್ಟವಳು ತಾನೇ, ತಪ್ಪುವುದಿಲ್ಲ ಎಂದಳು. ಅವಳ ದನಿ ಸತ್ತಿತ್ತು. ಆಗ ಮಗ್ಗದ ಸದ್ದು ನಿಂತಿತು.

“ಚೀಟಿ ಬರದಿದ್ರ ಲಗ್ನ ಅಂತ ಮಾತಾಗಿತ್ತು ಪಂಪಣ್ಣ” ಎಂದ ತಿಪ್ಪಣ್ಣ. “ಚೀಟಿ ಬಂತಲ್ಲ. ಅಕಿ ಗೆದ್ದಾಳ. ಕೆಡಸಿದಾವ ನಾ. ನನ್ನ ತಪ್ಪಿಗೆ ಅಕಿನ್ನ ಯಾಕ ಕೊಡ್ಲಿ? ಫೋಟೋ ತಗೊಂಡು ಹೋಗು.”

ಪಂಪಣ್ಣ ಅಕ್ಕನ ಕಡೆ ನೋಡಿರಬೇಕು. ಸಾವಂತ್ರೆವ್ವ, ಅವರು ಹೇಳಿದಂಗ ಮಾಡು ಎಂದಳು. ಮೆಟ್ಟು ಮೆಟ್ಟಿಕೊಳ್ಳುವ ಸದ್ದು, ಬಾಗಿಲಿನ ಸದ್ದು. ಮಗ್ಗ ಮತ್ತೆ ಶುರುವಾಗಲಿಲ್ಲ. ಹೊಸಬ ನನ್ನ ಮೇಲೆ ಮಿಸುಕಾಡಿ, ಇನ್ನು ನಮ್ಮ ಗತಿ ಏನು ಎಂದು ಕೇಳಿದ. ಸುಮ್ಮನಿರು ಎಂದೆ. ಅವಳು ಬೇರೆ ದೇಶಕ್ಕೆ ಅರ್ಜಿ ಹಾಕಬಹುದು, ಹಾಕದೆಯೂ ಇರಬಹುದು. ಅದು ಅವಳಿಗೆ ಬಿಟ್ಟದ್ದು, ನಮಗಲ್ಲ.

ಹೊರಗೆ ತಟ್ಟೆ ಇಡುವ ಸದ್ದಾಯಿತು.

“ಅಪ್ಪಾ, ಊಟಕ್ಕ ಏಳು” ಎಂದಳು ಸುಕನ್ಯಾ.

ಹಬ್ಬದ ನಂತರ ಅವಳು ಅವನನ್ನು ಅಪ್ಪಾ ಎಂದು ಕರೆದದ್ದು ಅದೇ ಮೊದಲು.